ಮಗುವಿನ ಜೊತೆ ಹಳೆಯ ಊರಿಗೆ: ಊರು ಆರಿಸುವ ಕ್ರಮ

ಶ್ರೀರಂಗಪಟ್ಟಣ, ಮೇಲುಕೋಟೆ, ಬೇಲೂರು, ಬಾದಾಮಿ, ಮೂಡುಬಿದಿರೆ, ಸಾಗರ, ಬನವಾಸಿ. ದೊಡ್ಡ ನಗರ ಬಿಟ್ಟು ಮಗುವಿನೊಂದಿಗೆ ಸಣ್ಣ ಊರಿಗೆ ಹೋಗೋಣ ಎನ್ನುವವರ ಬಾಯಲ್ಲಿ ಸುತ್ತುವ ಹೆಸರುಗಳು ಇವು. ಪಟ್ಟಿಯಲ್ಲಿ ದೋಷವಿಲ್ಲ, ಹುಡುಕುವ ಕ್ರಮದಲ್ಲಿದೆ. ಮೊದಲು ತೊಟ್ಟಿ ಮನೆಯೊಂದು ಕಣ್ಣಿಗೆ ಬೀಳುತ್ತದೆ, ಮುಂಗಡ ಕೊಟ್ಟಾಗುತ್ತದೆ, ಆಮೇಲೆ ಶಾಲೆ ಹುಡುಕುತ್ತಾರೆ. ಮಕ್ಕಳ ಡಾಕ್ಟರು ಎಲ್ಲಿದ್ದಾರೆ ಎಂಬ ಪ್ರಶ್ನೆ ಏಳುವುದು ಮೊದಲ ಜ್ವರದ ರಾತ್ರಿ. ಇದನ್ನು ತಿರುವಿ ಹಾಕಿ: ನೀರು, ವೈದ್ಯರು, ಶಾಲೆ, ಬೀದಿ, ಕೊನೆಗೆ ಮನೆ. ಮೊದಲ ಮೂರರಲ್ಲಿ ಒಂದು ಕೈಕೊಟ್ಟರೂ ಊರನ್ನು ಪಟ್ಟಿಯಿಂದ ತೆಗೆಯಿರಿ, ಎಷ್ಟೇ ಚಂದದ ಊರಾದರೂ ಸರಿ.

ನೋಡಲು ಹೋಗುವ ಕಾಲ

ನವೆಂಬರ್, ಡಿಸೆಂಬರ್‌ನಲ್ಲಿ ಎಲ್ಲ ಊರೂ ಚೆನ್ನಾಗಿಯೇ ಇರುತ್ತದೆ. ಆ ಊರಿನ ಅತಿ ಕಷ್ಟದ ತಿಂಗಳಲ್ಲಿ ಹೋಗಿ. ಬಾದಾಮಿಗಾದರೆ ಏಪ್ರಿಲ್ ಕೊನೆ ಅಥವಾ ಮೇ. ಹಗಲೆಲ್ಲ ಕಾದ ಮರಳುಗಲ್ಲಿನ ಬಂಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ, ಬಂಡೆಯ ಬುಡದ ಓಣಿಗಳಲ್ಲಿ ಮಗು ನಿದ್ದೆ ಮಾಡುತ್ತದೆಯೇ ಎಂದು ಆಗಲೇ ತಿಳಿಯುವುದು. ಮೂಡುಬಿದಿರೆ, ಸಾಗರಗಳಿಗೆ ಜುಲೈ: ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಉಬ್ಬಸದ ಮಗುವಿದ್ದರೆ ಊರನ್ನು ಪಟ್ಟಿಯಿಂದ ತೆಗೆಯಲು ಇದೊಂದೇ ಕಾರಣ ಸಾಕು. ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆ. ಕೆಆರ್‌ಎಸ್ ಭರ್ತಿಯಾಗಿ, ಅಂದರೆ 124.80 ಅಡಿ ಮುಟ್ಟಿ, ನೀರು ಬಿಟ್ಟ ವಾರ ನದಿಯ ಅಂಚಿನ ತಗ್ಗಿನ ಜಾಗಗಳನ್ನು ನೋಡಿ ಬನ್ನಿ.

ಇನ್ನೊಂದು ಸಲ ಜಾತ್ರೆಗೆ ಹೋಗಿ, ಆದರೆ ದೇವರ ದರ್ಶನಕ್ಕಲ್ಲ. ಮೇಲುಕೋಟೆಯ ವೈರಮುಡಿ, ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಉಡುಪಿಯ ಪರ್ಯಾಯ: ಇವೆಲ್ಲ ಊರಿನ ಅಸಲಿ ಬಲ ತೋರಿಸುವ ದಿನಗಳು. ರಥಬೀದಿಗೆ ಆಂಬುಲೆನ್ಸ್ ನುಗ್ಗುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಧ್ವನಿವರ್ಧಕ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗಮನಿಸಿ. ಕಾನೂನಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಲು ಸರ್ಕಾರಕ್ಕೆ ಅಧಿಕಾರವೂ ಇದೆ. ನಿಜದಲ್ಲಿ ಏನಾಗುತ್ತದೆ ಎಂಬುದು ಬೀದಿಯವರಿಗೇ ಗೊತ್ತು.

ನೀರು

ಕೇಳಬೇಕಾದ ಮೊದಲ ಪ್ರಶ್ನೆ: ಬೇಸಿಗೆಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ಪುರಸಭೆಯ ಕಚೇರಿಯಲ್ಲಿ ಕೇಳಬೇಡಿ, ಆ ಓಣಿಯ ಮೂರು ಮನೆಗಳಲ್ಲಿ ಕೇಳಿ. ಉತ್ತರದಿಂದ ಸಂಪಿನ ಲೆಕ್ಕ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಮೂವರಿಗೆ 405. ಐದು ದಿನಕ್ಕೊಮ್ಮೆ ನೀರು ಬಂದರೆ 2,025, ಒಂದು ದಿನ ತಪ್ಪಿದರೂ ನಡೆಯುವಂತೆ 2,500 ಲೀಟರ್. ಇಷ್ಟು ಹಿಡಿಯುವ ಸಂಪಿಲ್ಲದ ಹಳೆಯ ಮನೆಗೆ ಟ್ಯಾಂಕರ್ ಖರ್ಚನ್ನು ಬಾಡಿಗೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸಂಪಿನ ಮುಚ್ಚಳಕ್ಕೆ ಬೀಗವಿರಲಿ. ಕಲ್ಲು ಹೇರಿದ ತಗಡಿನ ಮುಚ್ಚಳ ಮುಚ್ಚಳವಲ್ಲ. ಸಣ್ಣ ಮಕ್ಕಳು ಸಂಪಿಗೆ ಬಿದ್ದ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತಲೇ ಇದೆ.

ಎರಡನೆಯದು ಗುಣಮಟ್ಟ. ಇಲ್ಲಿ ಮಗುವಿನ ಲೆಕ್ಕವೇ ಬೇರೆ. ಚಿತ್ರದುರ್ಗ, ಕೊಪ್ಪಳ, ಗದಗ, ಬಾಗಲಕೋಟೆ, ರಾಯಚೂರು, ತುಮಕೂರು, ಕೋಲಾರ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಶಾಶ್ವತ ಹಲ್ಲುಗಳ ಹೊರಪದರ ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ವಯಸ್ಸಿನಲ್ಲಿ ಕುಡಿದ ಫ್ಲೋರೈಡ್ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆಯಾಗಿ ನಿಲ್ಲುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಕುದಿಸಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ನೀರು ಆವಿಯಾಗಿ ಸಾಂದ್ರತೆ ಇನ್ನಷ್ಟು ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ ಇದಕ್ಕೆ ಉಪಯೋಗವಿಲ್ಲ, ಆರ್‌ಒ ಬೇಕು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರನ್ನು ಕೂಸಿನ ಬಾಟಲಿ ಹಾಲಿಗೆ ಬೆರೆಸಲೇಬಾರದು. ಶೌಚದ ಗುಂಡಿಗೂ ಕೊಳವೆಬಾವಿಗೂ ಅಂತರ ಕಡಿಮೆಯಿರುವ ಹಳೆಯ ಕೇರಿಗಳಲ್ಲಿ ನೈಟ್ರೇಟ್ ಏರುವುದು ಸಾಮಾನ್ಯ.

ಆದ್ದರಿಂದ ಮನೆ ಒಪ್ಪುವ ಮೊದಲೇ ಆ ಮನೆಯ ನಲ್ಲಿಯ ನೀರು, ಬೋರಿನ ನೀರು ಎರಡನ್ನೂ ಪರೀಕ್ಷಿಸಿ. ರಾಸಾಯನಿಕ ಪರೀಕ್ಷೆಗೆ ಶುದ್ಧ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಒಂದು ಲೀಟರ್ ತುಂಬಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬಾರದು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕವನ್ನೇ ನಂಬುವುದಾದರೆ ಅಲ್ಲಿನ ನೀರನ್ನೂ ಪರೀಕ್ಷೆಗೆ ಕೊಡಿ. ಶುದ್ಧೀಕರಣದ ಪೊರೆ ಬದಲಿಸದ ಘಟಕ ನಾಣ್ಯ ನುಂಗುತ್ತದೆ, ನೀರನ್ನೂ ಕೊಡುತ್ತದೆ, ಶುದ್ಧ ಮಾತ್ರ ಮಾಡುವುದಿಲ್ಲ.

ವೈದ್ಯರು, ಚೇಳು, ಕೋತಿ

ಎರಡು ದೂರಗಳನ್ನು ನಿಮಿಷದಲ್ಲಿ ಅಳೆಯಿರಿ. ರಾತ್ರಿ ಹತ್ತಕ್ಕೆ ಮಗುವನ್ನು ನೋಡುವ ವೈದ್ಯರು 30 ನಿಮಿಷದೊಳಗೆ, ಮಕ್ಕಳ ತುರ್ತು ನಿಗಾ ಘಟಕ ಒಂದು ಗಂಟೆಯ ಆಸುಪಾಸಿನಲ್ಲಿ ಸಿಗಬೇಕು. ಶ್ರೀರಂಗಪಟ್ಟಣಕ್ಕೆ ಮೈಸೂರು ಹತ್ತಿರ, ಬೇಲೂರಿಗೆ ಹಾಸನ, ಮೂಡುಬಿದಿರೆಗೆ ಮಂಗಳೂರು. ಬಾದಾಮಿಗೆ ಬಾಗಲಕೋಟೆ ಇನ್ನೂ ಸ್ವಲ್ಪ ದೂರ. ನಕ್ಷೆಯಲ್ಲಿ ನೋಡಿ ಸುಮ್ಮನಾಗದೆ ಒಮ್ಮೆ ಕತ್ತಲಲ್ಲಿ ಗಾಡಿ ಓಡಿಸಿ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರ ಹುದ್ದೆ ಇದೆಯೇ ಎಂದಲ್ಲ, ಈಗ ಯಾರಾದರೂ ಆ ಹುದ್ದೆಯಲ್ಲಿದ್ದಾರೆಯೇ, ವಾರದಲ್ಲಿ ಯಾವ ದಿನ ಬರುತ್ತಾರೆ ಎಂದು ಕೇಳಿ.

ಕೋಟೆ, ಕಲ್ಲುಬಂಡೆ, ಪಾಳುಗೋಡೆ ಇದ್ದಲ್ಲಿ ಹಾವು, ಚೇಳು ಇದ್ದೇ ಇರುತ್ತವೆ. ಬಯಲುಸೀಮೆಯ ಕೆಂಪು ಚೇಳು ದೊಡ್ಡವರಿಗೆ ಕೊಡುವುದು ಹೆಚ್ಚಾಗಿ ನೋವು. ಸಣ್ಣ ಮಕ್ಕಳಲ್ಲಿ ಹೃದಯಕ್ಕೇ ಅಪಾಯ. ಕಚ್ಚಿದ ಮೇಲೆ ಮಗು ಬೆವತು, ಕೈಕಾಲು ತಣ್ಣಗಾಗಿ, ವಾಂತಿ ಮಾಡಿದರೆ ಮನೆಮದ್ದಿಗೆ ಕಾಯುವಂತಿಲ್ಲ. ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಪ್ರತಿವಿಷ, ಚೇಳಿನ ವಿಷಕ್ಕೆ ಕೊಡುವ ಪ್ರಾಜೋಸಿನ್ ಔಷಧ ಎರಡೂ ದಾಸ್ತಾನಿದೆಯೇ ಎಂದು ಮೊದಲೇ ವಿಚಾರಿಸಿ. ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಕೆಲವರು ಖುಷಿಪಡುತ್ತಾರೆ. ಬಾದಾಮಿ, ಹಂಪಿ, ಮೇಲುಕೋಟೆಗಳ ಕೋತಿಗಳು ಮಗುವಿನ ಕೈಯ ಬಾಳೆಹಣ್ಣನ್ನು ಹಕ್ಕಿನಂತೆ ಕಸಿಯುತ್ತವೆ. ಪರಚಿದರೂ ಸೋಪಿನಿಂದ 15 ನಿಮಿಷ ತೊಳೆದು ರೇಬಿಸ್ ಲಸಿಕೆಗೆ ಹೋಗಬೇಕು.

ಸಾಗರ, ಸೊರಬ, ಬನವಾಸಿ, ಶಿರಸಿ ಕಡೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಗಮನದಲ್ಲಿರಲಿ. 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಡಿಸೆಂಬರ್‌ನಿಂದ ಮೇವರೆಗೆ ಉಣುಗುಗಳ ಕಾಲ. ಆ ತಿಂಗಳುಗಳಲ್ಲಿ ಮಗುವನ್ನು ಕಾಡಂಚಿನ ತರಗೆಲೆಯಲ್ಲಿ ಆಡಲು ಬಿಡಬೇಡಿ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆಯ ಬಳಕೆಯನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ತಿಳಿಯಿರಿ.

ಶಾಲೆ

ಫಲಕದಲ್ಲಿ ‘ಸಿಬಿಎಸ್‌ಇ ಪಠ್ಯಕ್ರಮ’ ಎಂದು ಬರೆದಿರುವುದಕ್ಕೂ ಮಂಡಳಿಯ ಸಂಯೋಜನೆ (ಅಫಿಲಿಯೇಶನ್) ಇರುವುದಕ್ಕೂ ಅಜಗಜಾಂತರ. ಸಂಯೋಜನೆಯ ಸಂಖ್ಯೆ, ಪ್ರತಿ ಶಾಲೆಗೂ ಸರ್ಕಾರ ಕೊಡುವ ಯುಡೈಸ್ ಸಂಖ್ಯೆ ಎರಡನ್ನೂ ಕೇಳಿ ಪಡೆಯಿರಿ, ಅನುಮಾನವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಎಷ್ಟನೇ ತರಗತಿವರೆಗೆ ಇದೆ ಎಂಬುದೂ ಮುಖ್ಯ: ಏಳಕ್ಕೆ ನಿಲ್ಲುವ ಶಾಲೆಯಾದರೆ ಎಂಟಕ್ಕೆ ಮತ್ತೆ ಹುಡುಕಾಟ. ಸರ್ಕಾರಿ ಶಾಲೆಯನ್ನು ನೋಡದೆ ತಳ್ಳಿಹಾಕಬೇಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಮಕ್ಕಳಿಗೆ ತಕ್ಕಷ್ಟು ಶಿಕ್ಷಕರಿದ್ದರೆ ಇದು ಚೆನ್ನಾಗಿ ನಡೆಯುತ್ತದೆ, ಇಡೀ ಶಾಲೆಗೆ ಇಬ್ಬರೇ ಇದ್ದರೆ ನಡೆಯುವುದಿಲ್ಲ. ಆರನೇ ತರಗತಿಗೆ ಆದರ್ಶ ವಿದ್ಯಾಲಯ, ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗಳಿವೆ. ಐದನೇ ತರಗತಿಯನ್ನು ಯಾವ ತಾಲ್ಲೂಕು, ಜಿಲ್ಲೆಯಲ್ಲಿ ಓದಿದ್ದಾರೆ ಎಂಬುದು ಅರ್ಜಿಗೆ ಬೇಕಾಗುತ್ತದೆ. ಆ ಗುರಿ ಇದ್ದವರು ಐದನೇ ತರಗತಿ ಶುರುವಾಗುವ ಮೊದಲೇ ಊರು ಬದಲಿಸಿ.

ಬೀದಿ

ಸಾಮಾನ್ಯ ಮಂಗಳವಾರವೊಂದರ ಸಂಜೆ ಐದರಿಂದ ಏಳರವರೆಗೆ ಆ ಬೀದಿಯಲ್ಲಿ ಸುಮ್ಮನೆ ನಿಲ್ಲಿ. ಅನೇಕ ರಥಬೀದಿಗಳಲ್ಲಿ, ಅಗ್ರಹಾರಗಳಲ್ಲಿ ಈಗ ಉಳಿದಿರುವುದು ಹಿರಿಯರು ಮಾತ್ರ, ಮೊಮ್ಮಕ್ಕಳು ಬರುವುದು ಬೇಸಿಗೆ ರಜೆಗೆ. ನಿಮ್ಮ ಮಗುವಿನ ವಯಸ್ಸಿನ ನಾಲ್ಕು ಮಕ್ಕಳೂ ಕಾಣದಿದ್ದರೆ ಎರಡು ಬೀದಿ ಆಚೆ, ಬಸ್‌ ನಿಲ್ದಾಣದ ಹಿಂದಿನ ಹೊಸ ಬಡಾವಣೆಯಲ್ಲಿ ನೋಡಿ. ಅಲ್ಲಿ ಶಿಲ್ಪವಿಲ್ಲ, ಜೊತೆಗಾರರಿರುತ್ತಾರೆ. ದೇವಸ್ಥಾನದ ಸುತ್ತಿನ ಮನೆಗಳಲ್ಲಿ ಬಾಡಿಗೆಗೆ ಮೊದಲು ಜಾತಿ, ಅಡುಗೆಯ ಪ್ರಶ್ನೆ ಬರುತ್ತದೆ, ನೇರವಾಗಿ ಇಲ್ಲದಿದ್ದರೆ ಸುತ್ತಿಬಳಸಿ. ಸುಳ್ಳು ಹೇಳಿ ಮನೆ ಹಿಡಿದರೆ ಅದರ ಬೆಲೆ ತೆರುವುದು ಮಗು: ಪಕ್ಕದ ಮನೆಯ ಜಗಲಿಯವರೆಗೆ ಮಾತ್ರ ಅದಕ್ಕೆ ಪ್ರವೇಶ.

ಸ್ಮಾರಕದ ಗಡಿ

ಹಳೆಯ ಊರಿನಲ್ಲಿ ಮನೆಯ ಭವಿಷ್ಯ ಬರೆದಿರುವುದು ಈ ಗೆರೆಯ ಮೇಲೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ನಿಯಮ ಇದು. ಅಳತೆ ಗರ್ಭಗುಡಿಯಿಂದಲೋ ಗೋಪುರದಿಂದಲೋ ಅಲ್ಲ, ಸಂರಕ್ಷಿತ ಜಾಗದ ಅಂಚಿನಿಂದ. ಮನೆ ಮಾರುವವರು ಹೇಳುವ ‘ದೇವಸ್ಥಾನದಿಂದ ದೂರವಿದೆ’ ಎಂಬ ಮಾತು ಇಲ್ಲಿಯೇ ಜಾರುವುದು. ಶ್ರೀರಂಗಪಟ್ಟಣದ ಕೋಟೆಯೊಳಗೆ ಕೋಟೆಗೋಡೆ, ರಂಗನಾಥಸ್ವಾಮಿ ದೇವಾಲಯ, ಜುಮ್ಮಾ ಮಸೀದಿ, ಸೆರೆಮನೆಗಳ ಸುತ್ತಿನ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡವಿಲ್ಲ, ಹೊಸ ಮಹಡಿಯಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗೆ, ಅಥವಾ ಆಮೇಲೆ ಇಲಾಖೆಯ ಒಪ್ಪಿಗೆಯಿಂದ ಕಟ್ಟಿದ್ದಕ್ಕೆ, ರಿಪೇರಿ ಮತ್ತು ನವೀಕರಣಕ್ಕಷ್ಟೇ ಅರ್ಜಿ ಹಾಕಬಹುದು. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಬಹುದು, ಆದರೆ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಗುವಿಗೊಂದು ಕೋಣೆ, ಅಜ್ಜಿಗೆ ಕೆಳಗೊಂದು ಬಚ್ಚಲು ಎಂದು ಮನಸ್ಸಿನಲ್ಲಿ ಯೋಜನೆ ಹಾಕಿಕೊಂಡು ಕೊಳ್ಳುವವರು ಮೊದಲು ಈ ಗೆರೆ ನೋಡಬೇಕು. ಹಂಪಿಯಂಥ ವಿಶ್ವ ಪರಂಪರೆಯ ತಾಣದಲ್ಲಿ ಪ್ರತ್ಯೇಕ ಪ್ರಾಧಿಕಾರವೂ ಇದೆ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು 2011ರಲ್ಲಿ ತೆರವು ಮಾಡಿದ್ದು ನೆನಪಿರಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಅಲ್ಲಿ ನಿಯಮ ಸಡಿಲವಾಗುವ ನಿರೀಕ್ಷೆಯಲ್ಲಿ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಮನೆ

ಮಣ್ಣುಗೋಡೆಯ ಮನೆಯಲ್ಲಿ ಮೊದಲು ಬುಡ ನೋಡಿ. ನೆಲದಿಂದ ಎರಡು ಮೂರು ಅಡಿವರೆಗೆ ಬಿಳಿ ಉಪ್ಪು ಅರಳಿದ್ದರೆ ತೇವ ಏರುತ್ತಿದೆ. ಅದನ್ನು ಮುಚ್ಚಲು ಸಿಮೆಂಟ್ ಗಾರೆ ಬಳಿದಿದ್ದರೆ ಇನ್ನೂ ಕೆಟ್ಟದ್ದು: ಸುಣ್ಣದ ಗಾರೆ ಉಸಿರಾಡಿಸುತ್ತಿದ್ದ ಗೋಡೆಯೊಳಗೆ ನೀರು ಸಿಕ್ಕಿಕೊಂಡು ಮಣ್ಣು ಪುಡಿಯಾಗುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಾಳೆಯಾಗಿ ಕಳಚುತ್ತದೆ. ತೊಲೆ ಗೋಡೆಗೆ ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ. ಸಲೀಸಾಗಿ ಇಳಿದರೆ ಗೆದ್ದಲು ತಿಂದಿದೆ. ಮದ್ರಾಸ್ ತಾರಸಿಯಲ್ಲಿ (ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಚಾವಣಿ) ಇಟ್ಟಿಗೆ ಜೋತಿರುವ ಕಡೆ ಮಗುವಿನ ಹಾಸಿಗೆ ಬೇಡ.

ತೊಟ್ಟಿಯ ಮೇಲೆ ಕಬ್ಬಿಣದ ಜಾಲರಿ ಇಲ್ಲದಿದ್ದರೆ ಕೋತಿಗಳು ಅಡುಗೆಮನೆಯವರೆಗೂ ಬರುತ್ತವೆ. ಹಿತ್ತಲ ಬಾವಿಗೆ ಮೂರು ಅಡಿಗೆ ಕಡಿಮೆಯಿಲ್ಲದ ಕಟ್ಟೆ, ಮೇಲೆ ಬಲೆ, ಬೀಗ. ಅಟ್ಟದ ಏಣಿ ತೆಗೆದಿಡುವಂಥದ್ದಾಗಿರಲಿ. ಹಳೆಯ ಮರದ ಪಟ್ಟಿಯ ವೈರಿಂಗ್ ಇದ್ದರೆ ಮನೆ ತುಂಬುವ ಮೊದಲೇ ಬದಲಿಸಿ, ಅರ್ತಿಂಗ್ ಪರೀಕ್ಷಿಸಿ, ವಿದ್ಯುತ್ ಸೋರಿದರೆ ತಾನೇ ಪೂರೈಕೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಕಿಟಕಿ ಬಾಗಿಲು ಕೆರೆಯುವ ದಿನಗಳಲ್ಲಿ ಮಗು ಬೇರೆ ಕಡೆ ಇರಲಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಇಷ್ಟೆಲ್ಲ ಸರಿಬಂದರೂ ಮೊದಲ ವರ್ಷ ಕೊಳ್ಳಬೇಡಿ. 11 ತಿಂಗಳ ಬಾಡಿಗೆ ಕರಾರು ಮಾಡಿ, ಏಪ್ರಿಲ್ ಅಥವಾ ಮೇನಲ್ಲಿ ಬನ್ನಿ. ಶಾಲೆ ಶುರುವಾಗುವ ಮೊದಲು ಮಗುವಿಗೆ ಬೀದಿಯ ಪರಿಚಯವಾಗುತ್ತದೆ, ನಿಮಗೆ ನೀರಿನ ಕಷ್ಟದ ಪರಿಚಯವಾಗುತ್ತದೆ. ಹಳೆಯ ಶಾಲೆಯಿಂದ ಟಿಸಿಯ ಜೊತೆಗೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನೂ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ತನ್ನಿ, ಅದಿಲ್ಲದೆ ಹೊಸ ಶಾಲೆಯವರು ದಾಖಲೆ ಎಳೆದುಕೊಳ್ಳಲು ಪರದಾಡುತ್ತಾರೆ.

ಕೊಳ್ಳುವಾಗ ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಾದರೆ ನಮೂನೆ 9 ಮತ್ತು 11ಎ. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಖಾತೆ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪುರಾವೆಯಲ್ಲ, ಆದ್ದರಿಂದ 30 ವರ್ಷದ ಋಣಭಾರ ಪತ್ರ ಮತ್ತು ಮೂಲ ಕ್ರಯಪತ್ರಗಳು ಬೇಕು. ಗುಡಿಯ ಸುತ್ತಿನ ಜಾಗವಾದರೆ ಮುಜರಾಯಿ, ಇನಾಮು, ಮಠ, ವಕ್ಫ್ ಈ ನಾಲ್ಕರ ಪೈಕಿ ಯಾವುದರ ನೆರಳೂ ಇಲ್ಲವೆಂದು ತಾಲ್ಲೂಕು ಕಚೇರಿಯ ಕಡತದಲ್ಲೇ ನೋಡಿಸಿ. ಹಳೆಯ ಮನೆಗಳ ನಿಜವಾದ ತೊಡಕು ಸಾಮಾನ್ಯವಾಗಿ ಪಾಲಿನದು: ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಊರೂರಿಗೆ ಹಂಚಿಹೋದ ಮಕ್ಕಳು ಮೊಮ್ಮಕ್ಕಳು. ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಅದರಲ್ಲಿರುವ ಹಕ್ಕುದಾರರೆಲ್ಲರ ಸಹಿ ಬೀಳುವವರೆಗೆ ಮುಂಗಡ ಕೊಡಬೇಡಿ.