ವಾಟ್ಸಾಪ್ ಗುಂಪಿಗೆ ಬೀಗ ಹಾಕಿದ್ದು: ನನ್ನ ಅನುಭವ

"ಬೀಗ ಹಾಕಿದ ಅಂಗಡಿಗೆ ಯಾರು ಬರ್ತಾರೆ ಮಾರಾಯ?" ಅಂತ ನಕ್ಕಿದ್ದ ನಮ್ಮ ಭಾವ ಈಗ ಸಂಜೆ ಏಳಕ್ಕೆ ಐದು ನಿಮಿಷ ಇರುವಾಗಲೇ ಮೊಬೈಲ್ ಹಿಡಿದು ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು. ಸಾಗರ, ಸಿರಸಿ, ತೀರ್ಥಹಳ್ಳಿ ಕಡೆಯವರು. 256 ಜನರ ಮಿತಿ ಇದ್ದ ಕಾಲದಲ್ಲಿ ಶುರುವಾಗಿ, ತುಂಬಿದಂತೆಲ್ಲ ಇನ್ನೊಂದು ತೆರೆದು ಐದಾದವು. ಒಂದೇ ಪ್ರಶ್ನೆಗೆ ಐದು ಕಡೆ ಉತ್ತರ ಬರೆದು ಬೆರಳು ಸವೆಯಿತು.

ಆಮೇಲೆ ಆ್ಯಪ್ ಹುಚ್ಚು. ಗೊತ್ತಿದ್ದ ಹುಡುಗನಿಗೆ 1.8 ಲಕ್ಷವೋ ಏನೋ ಕೊಟ್ಟು ಮಾಡಿಸಿದೆ. ಧಾರಣೆಗೊಂದು (ಅಂದರೆ ಮಾರುಕಟ್ಟೆ ದರಕ್ಕೊಂದು) ಪುಟ, ರೋಗಕ್ಕೊಂದು ಪುಟ. ಇಳಿಸಿಕೊಂಡವರು ಸುಮಾರು 400. ತಿಂಗಳು ಕಳೆದ ಮೇಲೆ ತೆರೆಯುತ್ತಿದ್ದವರು ಹದಿನೈದಿಪ್ಪತ್ತು, ಅದರಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ. ಮಳೆಗಾಲದಲ್ಲಿ ಕರೆಂಟಿನ ಜೊತೆ ಟವರೂ ಹೋಗುವ ಊರು; ಒಟಿಪಿ ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತಿತ್ತು. ಎರಡನೇ ವರ್ಷ ಸರ್ವರ್ ದುಡ್ಡು ಕಟ್ಟಲಿಲ್ಲ. ಟೆಲಿಗ್ರಾಂನಲ್ಲೂ ನೋಡಿದೆ: ಅಲ್ಲಿನ ಗುಂಪಲ್ಲಿ 2 ಲಕ್ಷ ಜನ ಹಿಡಿಯುತ್ತಾರೆ, ನಮ್ಮವರು ಬಂದದ್ದು 60.

ಕಣ್ಣು ತೆರೆಸಿದ್ದು ಒಂದು ಜುಲೈ ತಿಂಗಳು. ಒಬ್ಬರು ಬೆಳಿಗ್ಗೆ ಆರೂವರೆಗೆ ಕೊಳೆ ರೋಗ ಹತ್ತಿದ ಅಡಿಕೆ ಕಾಯಿಯ ಫೋಟೊ ಹಾಕಿ, "ಬೋರ್ಡೋ ದ್ರಾವಣ ಹೊಡೆದು 25 ದಿನ ಆಯ್ತು, ಮಳೆ ಬಿಡ್ತಿಲ್ಲ, ಏನ್ಮಾಡ್ಲಿ?" ಅಂತ ಕೇಳಿದ್ದರು. ಅದರ ಬೆನ್ನಿಗೇ ಗುಲಾಬಿ ಹೂವಿನ ನಲವತ್ತು ಗುಡ್ ಮಾರ್ನಿಂಗ್. ನಾನು ನೋಡಿದ್ದು ಮೂರನೇ ದಿನ. ಅಷ್ಟರಲ್ಲಿ ಅವರ ತೋಟದಲ್ಲಿ ಕಾಯಿ ಉದುರಲು ಶುರುವಾಗಿತ್ತು.

ವಾಟ್ಸಾಪಿನಲ್ಲಿ 'ಅಡ್ಮಿನ್ ಮಾತ್ರ' ಸೌಲಭ್ಯ (ಅಡ್ಮಿನ್ ಬಿಟ್ಟು ಬೇರೆಯವರು ಮೆಸೇಜ್ ಹಾಕಲಾಗದಂತೆ ಮಾಡುವುದು) 2018ರಿಂದಲೂ ಇದೆ. ಎಲ್ಲರೂ ಪ್ರಕಟಣೆಗೆ ಬಳಸುತ್ತಾರೆ. ನಾನು ಅದನ್ನೇ ಬಾಗಿಲು ಮಾಡಿದೆ. ಬೆಳಿಗ್ಗೆ 6ರಿಂದ 7 ಪ್ರಶ್ನೆ, ಸಂಜೆ 7ರಿಂದ 8.30 ಉತ್ತರ, ಉಳಿದ ಹೊತ್ತು ಬೀಗ. ಮೊದಲ ವಾರವೇ 80 ಜನ ಬಿಟ್ಟರು. ನಂಬರ್ ನೋಡಿದರೆ ಹೆಚ್ಚಿನವರು ಫಾರ್ವರ್ಡ್ ವೀರರು. ತೋಟ ಇದ್ದವರು ಕದಲಲಿಲ್ಲ. ಹೊತ್ತು ಕಮ್ಮಿ ಅಂತ ಗೊತ್ತಾದ ಮೇಲೆ ಮರದ ವಯಸ್ಸು, ಮಣ್ಣು, ಹಿಂದಿನ ಸಿಂಪರಣೆ ಎಲ್ಲ ಒಂದೇ ಮೆಸೇಜಲ್ಲಿ ಬರತೊಡಗಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಧಾರಣೆ ಹಾಕುವವರು ಅಡಿಕೆ ಮಂಡಿಯ ಮಾರಾಟ ಪಟ್ಟಿಯ ಫೋಟೊ ಹಾಕಲೇಬೇಕು. ಬಾಯಲ್ಲಿ ಹೇಳುವ ರಾಶಿ (ಕೆಂಪಡಿಕೆಯ ಒಂದು ಬಗೆ) ದರ ಯಾವತ್ತೂ ಆ ದಿನದ ಗರಿಷ್ಠ ದರವೇ ಆಗಿರುತ್ತದೆ, ಗಮನಿಸಿ! ದಿನಕ್ಕೆ ಮೂವತ್ತು ಬರುತ್ತಿದ್ದ ದರ ಐದಾರಕ್ಕೆ ಇಳಿಯಿತು, ಆದರೆ ಜನ ಅದನ್ನು ನೋಡಿ ಮಾಲು ಮಾರಾಟಕ್ಕೆ ಬಿಡತೊಡಗಿದರು. ಹಿರಿಯರಿಗೆಂದು ವಾಯ್ಸ್ ಮೆಸೇಜ್ ಬಿಟ್ಟದ್ದು ಮಾತ್ರ ಕೆಟ್ಟಿತು: ಒಬ್ಬರು ಹನ್ನೊಂದು ನಿಮಿಷ ಮಾತಾಡಿದರು, ಅಡಿಕೆ ಬಗ್ಗೆ ಎರಡು ನಿಮಿಷ.

2022ರಲ್ಲಿ ಮಿತಿ 1024 ಆಯಿತು. ಐದನ್ನೂ ಒಂದು ಮಾಡಿ 400 ದಾಟದಂತೆ ಇಟ್ಟಿದ್ದೇನೆ. ವರ್ಷಕ್ಕೆ ತಲೆಗೆ 100 ರೂಪಾಯಿ. ಬೇರೆ ಫೋನು, ರೀಚಾರ್ಜ್ ಕಳೆದು ಸ್ವಲ್ಪ ಉಳಿಯುತ್ತದೆ. ಆ್ಯಪಿನ ಸಾಲ ಅದರಿಂದ ತೀರುವುದಿಲ್ಲ ಬಿಡಿ. ಹೊಸಬರನ್ನು ಸೇರಿಸುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ, ದಲ್ಲಾಳಿಗಳು ಅಲ್ಲೇ ಸಿಕ್ಕಿಬೀಳುತ್ತಾರೆ. ಅದನ್ನಿಲ್ಲಿ ಬರೆಯುವುದಿಲ್ಲ.

ಬೀಗ ತೆಗೆಯುವುದು ಈಗಲೂ ಕೈಯಿಂದಲೇ. ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಮರೆತೇಬಿಟ್ಟೆ. ಏಳೂಕಾಲಕ್ಕೆ 26 ಮಿಸ್ಡ್ ಕಾಲ್, ಮೊದಲನೆಯದು ಭಾವನದ್ದು. ಈಗ ಹೆಂಡತಿಯೂ ಅಡ್ಮಿನ್.