ಟರ್ನರ್ ಸಿಂಡ್ರೋಮ್: ಹಸುಗೂಸಿನ ಹಾರ್ಮೋನ್ ವರದಿಯನ್ನು ಓದುವುದು ಹೇಗೆ?

ಸುಮಾರು 2,000ದಿಂದ 2,500 ಹೆಣ್ಣು ಶಿಶುಗಳಲ್ಲಿ ಒಂದಕ್ಕೆ ಎರಡನೆಯ ಎಕ್ಸ್ ವರ್ಣತಂತು ಇರುವುದಿಲ್ಲ ಅಥವಾ ಅಪೂರ್ಣವಾಗಿರುತ್ತದೆ. ಇದೇ ಟರ್ನರ್ ಸಿಂಡ್ರೋಮ್. ಹುಟ್ಟಿದ ಮಗುವಿನ ಪಾದದ ಮೇಲ್ಭಾಗ ಊದಿಕೊಂಡು, ಕಾಲ್ಬೆರಳಿನ ಪುಟ್ಟ ಉಗುರುಗಳು ಮಾಂಸದೊಳಗೆ ಹುದುಗಿದಂತೆ ಕಂಡರೆ, ಕತ್ತಿನ ಹಿಂದಿನ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿದ್ದರೆ, ವೈದ್ಯರಿಗೆ ಈ ಸಂಶಯ ಬರುತ್ತದೆ.

ಮೊದಲು ಆಗಬೇಕಾದದ್ದು ರಕ್ತದಿಂದ ಮಾಡುವ ಕ್ಯಾರಿಯೋಟೈಪ್, ಅಂದರೆ ವರ್ಣತಂತುಗಳ ಸಂಖ್ಯೆ ಮತ್ತು ರಚನೆಯನ್ನು ನೋಡುವ ಪರೀಕ್ಷೆ. ಹಾರ್ಮೋನ್ ಅಳತೆಯೊಂದರಿಂದಲೇ ರೋಗನಿರ್ಣಯ ಆಗದು. ಮಹಾಪಧಮನಿ ಕಿರಿದಾಗಿರುವ ಸಾಧ್ಯತೆ ಈ ಮಕ್ಕಳಲ್ಲಿ ಹೆಚ್ಚಿರುವುದರಿಂದ ಹೃದಯದ ಎಕೋ ಪರೀಕ್ಷೆಯನ್ನು ಯಾವ ವರದಿಗೂ ಕಾಯದೆ ಮಾಡಿಸಬೇಕು. ಹಾರ್ಮೋನ್ ಲೆಕ್ಕ ಆಮೇಲಿನದು.

ಅದರಲ್ಲಿ ಮುಖ್ಯವಾದುದು ರಕ್ತ ತೆಗೆಯುವ ಸಮಯ. ಗರ್ಭದಲ್ಲಿರುವಾಗ ಮಾಸುವಿನ ಈಸ್ಟ್ರೋಜೆನ್ ಮಗುವಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಅದುಮಿಟ್ಟಿರುತ್ತದೆ. ಹೆರಿಗೆಯಾಗಿ ಆ ಹಿಡಿತ ತಪ್ಪಿದ ಮೇಲೆ, ಸುಮಾರು ಒಂದು ವಾರದಲ್ಲಿ ಆ ಗ್ರಂಥಿ ಸ್ರವಿಸುವ, ಅಂಡಾಶಯವನ್ನು ಪ್ರಚೋದಿಸುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಹಾರ್ಮೋನ್‌ಗಳು ಏರತೊಡಗುತ್ತವೆ; ವೈದ್ಯರು ಇದನ್ನು ಮಿನಿ ಪ್ಯೂಬರ್ಟಿ (ಪುಟ್ಟ ಪ್ರೌಢಾವಸ್ಥೆ) ಎನ್ನುತ್ತಾರೆ. ಆರೋಗ್ಯವಂತ ಶಿಶುವಿನ ಅಂಡಕೋಶಗಳು (ಅಂಡಾಶಯದೊಳಗೆ ಅಂಡಾಣುಗಳನ್ನು ಹೊತ್ತಿರುವ ಸೂಕ್ಷ್ಮ ಚೀಲಗಳು) ಈಸ್ಟ್ರೋಜೆನ್ ಮತ್ತು ಇನ್‌ಹಿಬಿನ್ ಎಂಬ ಹಾರ್ಮೋನ್‌ಗಳನ್ನು ಸ್ರವಿಸಿ ಎಫ್‌ಎಸ್‌ಎಚ್‌ಗೆ ಕಡಿವಾಣ ಹಾಕುತ್ತವೆ. ಟರ್ನರ್ ಇರುವ ಮಗುವಿನಲ್ಲಿ ಅಂಡಕೋಶಗಳು ಗರ್ಭದಲ್ಲೇ ವೇಗವಾಗಿ ನಶಿಸಿರುವುದರಿಂದ ಕಡಿವಾಣ ಇಲ್ಲದ ಎಫ್‌ಎಸ್‌ಎಚ್ ಬಹಳ ಎತ್ತರಕ್ಕೆ ಹೋಗಬಹುದು. ಹಾಗಾಗಿ ಹುಟ್ಟಿದ ಒಂದೆರಡು ದಿನಗಳಲ್ಲೇ ತೆಗೆದ ರಕ್ತ ದಾರಿ ತಪ್ಪಿಸುತ್ತದೆ. ಒಂದರಿಂದ ಮೂರು ತಿಂಗಳ ನಡುವಿನ ಮಾದರಿ ಹೆಚ್ಚು ಹೇಳುತ್ತದೆ.

ವರದಿ ಕೈಗೆ ಬಂದಾಗ, ಪಕ್ಕದಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿ ಯಾವ ವಯಸ್ಸಿನವರದೆಂದು ಕೇಳಿ. ಅದು ವಯಸ್ಕ ಮಹಿಳೆಯರದ್ದಾಗಿದ್ದರೆ ಹೋಲಿಕೆಗೆ ಅರ್ಥವಿಲ್ಲ, ಏಕೆಂದರೆ ಆರೋಗ್ಯವಂತ ಹೆಣ್ಣು ಶಿಶುಗಳಲ್ಲೂ ಈ ತಿಂಗಳುಗಳಲ್ಲಿ ಎಫ್‌ಎಸ್‌ಎಚ್ ತುಸು ಹೆಚ್ಚೇ ಇರುತ್ತದೆ. ವರದಿಯಲ್ಲಿ ಕಾಣುವ ಇನ್ನೊಂದು ಅಳತೆ ಎಎಂಎಚ್; ಅದು ನೇರವಾಗಿ ಅಂಡಕೋಶಗಳಿಂದಲೇ ಬರುವ ಹಾರ್ಮೋನ್. ಅದು ಅಳತೆಗೇ ಸಿಗದಷ್ಟು ಕಡಿಮೆಯಿದ್ದರೆ ಉಳಿದಿರುವ ಅಂಡಕೋಶಗಳು ವಿರಳವೆಂದು ಊಹಿಸಬಹುದು. ಕೆಲವು ಜೀವಕೋಶಗಳಲ್ಲಿ ಮಾತ್ರ ಎಕ್ಸ್ ಕೊರತೆಯಿರುವ ಮೊಸಾಯಿಕ್ ಮಕ್ಕಳಲ್ಲಿ ಎಫ್‌ಎಸ್‌ಎಚ್, ಎಎಂಎಚ್ ಎರಡೂ ಸಹಜವಾಗಿರಬಹುದು.

ಬೆಳವಣಿಗೆಯ ಹಾರ್ಮೋನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮುಂದೆ ಎತ್ತರ ಕುಂಠಿತವಾಗುವುದಕ್ಕೆ ಮುಖ್ಯ ಕಾರಣ ಶಾಕ್ಸ್ ಎಂಬ ವಂಶವಾಹಿಯ ಒಂದೇ ಪ್ರತಿ ಕೆಲಸ ಮಾಡುತ್ತಿರುವುದು.

ಎಫ್‌ಎಸ್‌ಎಚ್ ಏರಿದೆಯೆಂದು ಶಿಶುವಿಗೆ ಔಷಧಿ ಬೇಕಿಲ್ಲ, ಪದೇ ಪದೇ ಸೂಜಿ ಚುಚ್ಚಿಸಬೇಕಾಗಿಯೂ ಇಲ್ಲ. ಬಾಲ್ಯದ ನಡುವೆ ಅದು ತಾನಾಗಿ ಇಳಿಯುತ್ತದೆ. ಆ ಇಳಿತವನ್ನು ಗುಣವಾದ ಲಕ್ಷಣವೆಂದು ಭಾವಿಸಬಾರದು. ಅಗತ್ಯವಿರುವವರಿಗೆ ಈಸ್ಟ್ರೋಜೆನ್ ಚಿಕಿತ್ಸೆಯನ್ನು 11–12ನೇ ವಯಸ್ಸಿನ ಹೊತ್ತಿಗೆ ಆರಂಭಿಸುತ್ತಾರೆ. ಒಂದಷ್ಟು ಹುಡುಗಿಯರು ತಾವಾಗಿಯೇ ಪ್ರೌಢಾವಸ್ಥೆಗೆ ಕಾಲಿಡುವುದೂ ಉಂಟು. ಆದ್ದರಿಂದ ಎರಡು ತಿಂಗಳ ಕೂಸಿನ ಒಂದು ಅಂಕಿಯನ್ನು ಹಿಡಿದು, ಈ ಮಗು ಮುಂದೆ ತಾಯಿಯಾಗಲಾರದೆಂದು ಹೆತ್ತವರಿಗೆ ಯಾರೂ ಹೇಳಬಾರದು.