ಶೆಟ್ಟಿ 'ಶೆಟ್ಟ' ಆಗದಿರಲು: ಪ್ರೋಗ್ರಾಮಿನಲ್ಲಿ ಕನ್ನಡ ಹೆಸರು ಉಳಿಸಿಕೊಳ್ಳುವುದು ಹೇಗೆ

ಬದಿಯಡ್ಕದ ಕಡೆಯ ಒಂದು ಅಡಿಕೆ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಕೃಷಿಕರು ಅಡಿಕೆ ತರುತ್ತಾರೆ, ತೂಗುತ್ತಾರೆ, ಚೀಟಿ ಬರುತ್ತದೆ, ಅಷ್ಟೇ ಕೆಲಸ. ಹೆಸರಿಗೆ 20 ಅಕ್ಷರ ಧಾರಾಳ ಆಯ್ತು ಅಂತ ಡೇಟಾಬೇಸಿನಲ್ಲಿ 20 ಇಟ್ಟೆ. ಮೂರನೇ ದಿನ ಅಲ್ಲಿ ಲೆಕ್ಕ ಬರೆಯುವ ಮಾವನ ಫೋನು. "ಎಂತ ಮಾರಾಯ, ಇದು ಯಾವ ಶೆಟ್ಟ?"

ಅವರು ಟೈಪ್ ಮಾಡಿದ್ದು 'ಕೆ. ವೆಂಕಟಕೃಷ್ಣ ಶೆಟ್ಟಿ'. ಚೀಟಿಯಲ್ಲಿ ಬಂದದ್ದು 'ಕೆ. ವೆಂಕಟಕೃಷ್ಣ ಶೆಟ್ಟ'. ಹೆಸರು ಹೋದವರು ಅಂಗಡಿಯ ಹಳೇ ಗಿರಾಕಿ ಬೇರೆ.

ಈ ಬರಹ ಅಲ್ಲಿಂದ ಈಚೆಗೆ ನಾನು ಕಲಿತದ್ದು. ಕಾಸರಗೋಡಿನಲ್ಲಿ ಕೂತು ಕನ್ನಡದಲ್ಲಿ ಹೆಸರು ತೆಗೆದುಕೊಳ್ಳುವ ಏನನ್ನಾದರೂ ಬರೆಯುವವರಿಗೆ, ಅಂಗಡಿಯ ಬಿಲ್ಲೋ ದೇವಸ್ಥಾನದ ರಶೀದಿಯೋ ಶಾಲೆಯ ಹಾಜರಿಯೋ, ಇದು ಉಪಯೋಗ ಆಗಬಹುದು.

ಮೊದಲು ಆ ಶೆಟ್ಟರ ಕಥೆ ಮುಗಿಸೋಣ. ನಮ್ಮ ಕಣ್ಣಿಗೆ ಆ ಹೆಸರಿನಲ್ಲಿ ಎಂಟೇ ಅಕ್ಷರ: ಕೆ, ವೆಂ, ಕ, ಟ, ಕೃ, ಷ್ಣ, ಶೆ, ಟ್ಟಿ. ಕಂಪ್ಯೂಟರು ಎಣಿಸುವುದು ಹಾಗಲ್ಲ. ಯೂನಿಕೋಡಿನಲ್ಲಿ, ಅಂದರೆ ಲಿಪಿಗಳ ಪ್ರತಿ ಗುರುತಿಗೂ ಒಂದೊಂದು ಸಂಖ್ಯೆ (ಕೋಡು) ಕೊಟ್ಟಿರುವ ಪಟ್ಟಿಯಲ್ಲಿ, ವ್ಯಂಜನ ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತಕ್ಷರ ಮಾಡುವ ಅರ್ಧಾಕ್ಷರದ ಗುರುತು (್) ಬೇರೆ. 'ಟ್ಟಿ' ಅಂದರೆ ಟ, ್, ಟ, ಿ, ನಾಲ್ಕು ಕೋಡು. ಹಾಗೆ ಎಣಿಸುತ್ತಾ ಹೋದರೆ ಚುಕ್ಕಿ, ಖಾಲಿ ಜಾಗ ಸೇರಿ ಒಟ್ಟು 21. ನಾನು ಇಟ್ಟದ್ದು 20. ಕೊನೆಯ ಗುಡಿಸು ಹೊರಗೆ ಬಿತ್ತು. ಆ ಡೇಟಾಬೇಸು ಹಳೇ ಮೈಎಸ್‌ಕ್ಯೂಎಲ್, ತಪ್ಪು ಡೇಟಾ ಬಂದರೆ ತಡೆಯುವ ಸ್ಟ್ರಿಕ್ಟ್ ಮೋಡ್ ಹಾಕಿರಲಿಲ್ಲ, ಎರರ್ ಕೂಡ ಕೊಡದೆ ಬಾಲ ಕತ್ತರಿಸಿತು. ಅದರ 5.7ನೇ ಆವೃತ್ತಿಯಿಂದ ಈಚೆಗೆ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಇರುತ್ತದೆ, ಉದ್ದ ಜಾಸ್ತಿಯಾದರೆ ಜಗಳ ಮಾಡುತ್ತದೆ. ಜಗಳ ಮಾಡುವುದೇ ಒಳ್ಳೆಯದು.

ಇದಕ್ಕೆ ನನ್ನ ಲೆಕ್ಕ: ಕಣ್ಣಿಗೆ ಕಾಣುವ ಒಂದು ಅಕ್ಷರಕ್ಕೆ ನಾಲ್ಕು ಕೋಡು ಇಡಿ. ಕನ್ನಡದ ಪ್ರತಿ ಕೋಡೂ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟುಗಳಾಗಿ ಉಳಿಸುವ ಕ್ರಮ) 3 ಬೈಟು. 'ಕಾಸರಗೋಡು' ಕಣ್ಣಿಗೆ 5 ಅಕ್ಷರ, 8 ಕೋಡು, 24 ಬೈಟು. ಮೈಎಸ್‌ಕ್ಯೂಎಲ್‌ನ ವಾರ್‌ಚಾರ್ ಅನ್ನುವ ಕಾಲಂ ಬಗೆ ಕೋಡು ಎಣಿಸುತ್ತದೆ. ಇನ್ನೊಂದು ಡೇಟಾಬೇಸಾದ ಒರಾಕಲ್‌ನ ವಾರ್‌ಚಾರ್2 ನೀವು ಬೇರೆ ಹೇಳದಿದ್ದರೆ ಬೈಟು ಎಣಿಸುತ್ತದೆ. ಅಲ್ಲಿ 20 ಅಂದರೆ 'ಕಾಸರಗೋಡು' ಕೂಡ ಹಿಡಿಸುವುದಿಲ್ಲ. ನಾನು ಈಗ ಹೆಸರಿಗೆ ಸುಮ್ನೆ 200 ಇಡುತ್ತೇನೆ. ಡಿಸ್ಕ್ ಅಗ್ಗ, ಶೆಟ್ಟರ ಕೋಪ ದುಬಾರಿ.

ಇನ್ನೊಂದು, ಹೆಸರಿಗೆ ಒಂದೇ ಬಾಕ್ಸ್ ಇಡಿ. ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಮಾಡಿದರೆ ಇಲ್ಲಿ ಯಾರಿಗೂ ಸರಿಹೊಂದುವುದಿಲ್ಲ. ಒಬ್ಬರಿಗೆ ಇನಿಶಿಯಲ್ ಮುಂದೆ, ಒಬ್ಬರಿಗೆ ಹಿಂದೆ, ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ಆದರೆ ಮನೆ ಹೆಸರಿಗೆ ಬೇರೆ ಬಾಕ್ಸ್ ಖಂಡಿತ ಬೇಕು. ಆ ಅಂಗಡಿಯ ಪಟ್ಟಿಯಲ್ಲಿ ಐದು ಜನ ಈಶ್ವರ ಭಟ್ಟರು ಇದ್ದಾರೆ, ಮಾವ ಅವರನ್ನು ಗುರುತು ಹಿಡಿಯುವುದು ಮನೆ ಹೆಸರಿನಿಂದಲೇ. ಅದಕ್ಕೇ ಹೆಸರನ್ನು ಖಾತೆಯ ಗುರುತಾಗಿ ಬಳಸಬೇಡಿ. ಫೋನ್ ನಂಬರನ್ನೂ ಬೇಡ, ಅಪ್ಪ ಮಗ ಇಬ್ಬರೂ ಒಂದೇ ನಂಬರು ಕೊಡುತ್ತಾರೆ. ಒಂದು ಸೀದಾ ಖಾತೆ ನಂಬರು ಕೊಟ್ಟುಬಿಡಿ.

ಈಗ ಹುಡುಕಾಟ. ನಿಜವಾದ ತಲೆನೋವು ಇರುವುದು ಇಲ್ಲಿ.

ಒಂದು ದಿನ ಒಬ್ಬರೇ ಕೃಷಿಕರಿಗೆ ಮೂರು ಖಾತೆ ಆಗಿತ್ತು. ಹೆಸರು ಕುಂಞಿರಾಮ. ಬೆಳಿಗ್ಗೆ ಕೂತವನು 'ಕುಂಞಿರಾಮ' ಅಂತ ಹೊಡೆದ. ಮಧ್ಯಾಹ್ನ ಕೂತವಳು 'ಕುಞ್ಞಿರಾಮ' ಅಂತ ಹುಡುಕಿದಳು, ಸಿಗಲಿಲ್ಲ, ಹೊಸ ಖಾತೆ ಮಾಡಿದಳು. ಮೂರನೆಯದು ನನಗೆ ಅರ್ಧ ದಿನ ತಿಂದಿತು. ಸ್ಕ್ರೀನಿನಲ್ಲಿ ಮೊದಲನೆಯದಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಕೊನೆಗೆ ಒಂದೊಂದೇ ಕೋಡು ಬಿಡಿಸಿ ಪ್ರಿಂಟ್ ಮಾಡಿ ನೋಡಿದೆ. 'ಕುಂ' ಅಂತ ಕಾಣುವುದರಲ್ಲಿ ಸೊನ್ನೆಯ ಜಾಗದಲ್ಲಿ ನಿಜವಾಗಿಯೂ ಸೊನ್ನೆಯೇ ಇತ್ತು, ಅಂದರೆ ಅನುಸ್ವಾರ ಅಲ್ಲ, ಕನ್ನಡದ ಅಂಕೆ ೦! ನಾವು ಎರಡಕ್ಕೂ ಸೊನ್ನೆ ಅಂತಲೇ ಹೇಳುವುದು, ಎರಡೂ ದುಂಡಗೆ ಕಾಣುವುದು, ಟೈಪ್ ಮಾಡಿದವರನ್ನು ಬೈದು ಏನು ಪ್ರಯೋಜನ. ಆನ್‌ಲೈನ್‌ನಲ್ಲಿ ಹುಡುಕಿ ನೋಡಿ, 'ಅಂಗಡಿ'ಯನ್ನು ಅಂಕೆಯ ಸೊನ್ನೆ ಹಾಕಿ ಬರೆದದ್ದು ಬೇಕಾದಷ್ಟು ಸಿಗುತ್ತದೆ.

ಇದಕ್ಕೆ ನಾನು ಮಾಡುವುದು ಹೀಗೆ. ಜನ ಟೈಪ್ ಮಾಡಿದ ಹೆಸರನ್ನು ಹಾಗೇ ಇಡುತ್ತೇನೆ, ಮುಟ್ಟುವುದಿಲ್ಲ. ಪಕ್ಕದಲ್ಲಿ 'ಹುಡುಕು ಕೀಲಿ' ಅಂತ ಇನ್ನೊಂದು ಕಾಲಂ. ಹೆಸರನ್ನು ಜರಡಿ ಹಿಡಿದು ಅದರಲ್ಲಿ ಹಾಕುತ್ತೇನೆ. ಹುಡುಕುವಾಗ ಹುಡುಕುವ ಪದವನ್ನೂ ಅದೇ ಜರಡಿ ಹಿಡಿದು ಎರಡು ಕೀಲಿಗಳನ್ನು ಹೋಲಿಸುತ್ತೇನೆ.

ಜರಡಿಯ ಮೊದಲ ಹಂತ ಎನ್‌ಎಫ್‌ಸಿ ನಾರ್ಮಲೈಸೇಶನ್. 'ಗೋ' ಅನ್ನುವಲ್ಲಿ ಓತ್ವ ಒಂದೇ ಕೋಡಾಗಿಯೂ ಇರಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ತುಂಡಾದ 'ಕಾಸರಗೋಡು' 8 ಕೋಡಿನ ಬದಲು 10 ಆಗುತ್ತದೆ. ಎನ್‌ಎಫ್‌ಸಿ ಎರಡನ್ನೂ ಒಂದು ಮಾಡುತ್ತದೆ. ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್, ಜಾವಾಸ್ಕ್ರಿಪ್ಟಿನಲ್ಲಿ ಸ್ಟ್ರಿಂಗಿನದೇ ನಾರ್ಮಲೈಸ್. ಒಂದು ಸಾಲಿನ ಕೆಲಸ.

ಆಮೇಲೆ ಕಾಣದ ಜೋಡಕಗಳನ್ನು ತೆಗೆಯುವುದು. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯಲು ಜ್ ಆದ ಮೇಲೆ ಝಡ್‌ಡಬ್ಲ್ಯುಎನ್‌ಜೆ ಅನ್ನುವ ಅಗಲವಿಲ್ಲದ ಕೋಡು ಬೇಕು. ಅದಿಲ್ಲದಿದ್ದರೆ 'ರಾಜ್ಕುಮಾರ್'. ಜನ ಎರಡೂ ಬರೆಯುತ್ತಾರೆ. ಅರ್ಕಾವೊತ್ತನ್ನು ಬಿಡಿಸಿ ಬರೆಯಲು ಬಳಸುವ ಝಡ್‌ಡಬ್ಲ್ಯುಜೆಯದೂ ಇದೇ ಕಥೆ. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ, ನೀವೇ ತೆಗೆಯಬೇಕು. ಆದರೆ ಕೀಲಿಯಿಂದ ಮಾತ್ರ! ನಾನು ಒಮ್ಮೆ ಜಾಣತನ ಮಾಡಲು ಹೋಗಿ ಮೂಲ ಹೆಸರಿನ ಕಾಲಂನಿಂದಲೇ ತೆಗೆದುಬಿಟ್ಟೆ. ಮರುದಿನ ಚೀಟಿಯಲ್ಲಿ ಹೀಗೆ ಬಿಡಿಸಿ ಬರೆದ ಹೆಸರುಗಳೆಲ್ಲ ಒತ್ತಕ್ಷರವಾಗಿ ಅಂಟಿಕೊಂಡಿದ್ದವು. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿದೆ, ಆ ಬೆಳಗ್ಗಿನ ಚೀಟಿಗಳೆಲ್ಲ ಹೋದವು, ಮಾವನ ಕಾರ್ಬನ್ ಕಾಪಿ ನೋಡಿಕೊಂಡು ಒಂದೊಂದಾಗಿ ಪುನಃ ಹೊಡೆದೆ. ಮಾವ ಏನೂ ಹೇಳಲಿಲ್ಲ. ಚಾ ತರಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಕೊನೆಗೆ ಸೊನ್ನೆ ಮತ್ತು ಅನುನಾಸಿಕ. ಅಂಕೆಯ ೦ ಕನ್ನಡ ಅಕ್ಷರದ ಬೆನ್ನಿಗೇ ಬಂದಿದ್ದರೆ ಅನುಸ್ವಾರ ಮಾಡಿ. 'ಞ್ಞ' ಇದ್ದಲ್ಲಿ 'ಂಞ' ಮಾಡಿ. ಎರಡು ಅನುಸ್ವಾರ ಒಟ್ಟಿಗೆ ಬಂದರೆ ಒಂದನ್ನು ತೆಗೆಯಿರಿ, ಯಾಕೆಂದರೆ 'ಕುಂಞ್ಞಿ' ಅಂತ ಎರಡೂ ಹಾಕುವವರೂ ಇದ್ದಾರೆ. ಈ ನಿಯಮ ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಹೊಳೆಯುವುದು ಕಷ್ಟ, ಅವರ ಪಟ್ಟಿಯಲ್ಲಿ ಞ ಬರುವುದೇ ಅಪರೂಪ. ನಮಗೆ ಕುಂಞಿ, ಕುಂಞಣ್ಣ, ಕಾಞಂಗಾಡು ದಿನದ ಮಾತು. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. 'ಕಿಞ್ಞಣ್ಣ' ಕಣ್ಣಿಗೆ ಮೂರಕ್ಷರ, ಒಳಗೆ 8 ಕೋಡು. ಕಿಂಞಣ್ಣ ಅಂತ ಹುಡುಕಿದರೂ ಅದೇ ಖಾತೆ ಸಿಗಬೇಕು.

ಮಲಯಾಳದಲ್ಲಿ ಹೆಸರು ಬರುತ್ತದಾ? ಇಲ್ಲಿ ಬಂದೇ ಬರುತ್ತದೆ. ಅಲ್ಲಿಯ ಚಿಲ್ಲಕ್ಷರಗಳಿಗೆ (ಸ್ವರ ಇಲ್ಲದ 'ನ್', 'ಲ್' ಥರದವು) 2008ರ ಯೂನಿಕೋಡ್ 5.1ರಲ್ಲಿ ಬೇರೆ ಕೋಡು ಸಿಕ್ಕಿತು. ಅದಕ್ಕೆ ಮೊದಲು ವ್ಯಂಜನ, ಅರ್ಧಾಕ್ಷರದ ಗುರುತು, ಝಡ್‌ಡಬ್ಲ್ಯುಜೆ ಸೇರಿಸಿ ಬರೆಯುತ್ತಿದ್ದರು. ಹಳೇ ಫೈಲಿನ 'ರಾಮನ್' ಹೊಸ 'ರಾಮನ್'ಗೆ ಸಮ ಆಗುವುದಿಲ್ಲ, ಎನ್‌ಎಫ್‌ಸಿಯೂ ಅದನ್ನು ಸರಿ ಮಾಡುವುದಿಲ್ಲ. ಒಂದು ಸಣ್ಣ ಬದಲಿಪಟ್ಟಿ ಬರೆದು ಝಡ್‌ಡಬ್ಲ್ಯುಜೆ ತೆಗೆಯುವ ಮೊದಲೇ ಓಡಿಸಿ. ಆಮೇಲೆ ಓಡಿಸಿದರೆ ಚಿಲ್ಲು ಯಾವುದು ಅಂತ ಗುರುತೇ ಸಿಗುವುದಿಲ್ಲ.

ಇನ್ನು ಹಳೇ ಡೇಟಾ ತರುವಾಗ ಹೆಸರು ಕೆಟ್ಟು ಬಂದರೆ ಗಾಬರಿ ಬೇಡ, ಕೆಟ್ಟ ರೂಪವನ್ನು ಸ್ವಲ್ಪ ಹೊತ್ತು ನೋಡಿ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಹೆಸರು ಹೋಯಿತು, ಮೂಲ ಫೈಲಿನಿಂದಲೇ ಮತ್ತೆ ತರಬೇಕು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಬದಲು ಬರೀ ವಾರ್‌ಚಾರ್ ಹಾಕಿದರೆ ಹೀಗಾಗುತ್ತದೆ. ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ದೊಡ್ಡ ಎ, ಪೌಂಡ್ ಗುರುತು, ಇಂಥವು ಮತ್ತೆ ಮತ್ತೆ ಬಂದರೆ ಅದು 'ನುಡಿ' ತಂತ್ರಾಂಶದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಹೊಡೆದದ್ದು. ಏನೂ ಹಾಳಾಗಿಲ್ಲ, ಪರಿವರ್ತಕ ಹಾಕಿದರೆ ಸಾಕು. ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಹೆಸರುಗಳನ್ನು ಮಾತ್ರ ಕಣ್ಣಲ್ಲಿ ನೋಡಿ ತಾಳೆ ಮಾಡಿ.

ಮೂರನೆಯ ರೂಪ ನನಗೆ ತುಂಬಾ ಇಷ್ಟ. ಯುಟಿಎಫ್-8 ಸಿಎಸ್‌ವಿ ಫೈಲನ್ನು (ಕಾಮಾ ಹಾಕಿ ಬರೆದ ಪಟ್ಟಿ) ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ, ತಲೆ ಮೇಲೆ ಗೆರೆ ಇರುವ ಸಣ್ಣ ಎ ಪ್ರತಿ ಮೂರಕ್ಕೊಂದು ಸಲ ಕಾಣುತ್ತದೆ. ಅದರ ಪಕ್ಕದ ಗುರುತು ನೋಡಿ. ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ ಪುಟ್ಟ 3 ಇದ್ದರೆ ಅದು ಕನ್ನಡ. ಬರೀ ಒಂದು ಓರೆ ಗೆರೆ ಅಥವಾ ಮೈಕ್ರೊ ಗುರುತು ಇದ್ದರೆ ಮಲಯಾಳ. ಎರಡೂ ಲಿಪಿಯ ಮೊದಲ ಬೈಟು ಒಂದೇ, ಎರಡನೆಯದು ಬೇರೆ, ಅದಕ್ಕೆ ಹೀಗೆ. ಎರಡು ಭಾಷೆಯ ಪಟ್ಟಿ ಕಲಸಿಹೋದಾಗ ಇದರಿಂದಲೇ ನಾನು ಬೇರೆ ಮಾಡಿದ್ದೇನೆ. ಫೈಲು ಕೆಟ್ಟಿಲ್ಲ, ಎಕ್ಸೆಲ್ ತಪ್ಪಾಗಿ ಓದಿದೆ ಅಷ್ಟೆ, ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದ್ದರೆ ಹಿಂದಕ್ಕೆ ತಿರುಗಿಸಬಹುದು, ಆದರೆ ಅರ್ಧಾಕ್ಷರದ ಗುರುತಿನ ಮೂರನೇ ಬೈಟಿಗೆ ಎಕ್ಸೆಲ್ ತಪ್ಪಾಗಿ ಬಳಸಿದ ವಿಂಡೋಸ್-1252 ಕೋಷ್ಟಕದಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಒತ್ತಕ್ಷರದ ಹೆಸರುಗಳೇ ಮೊದಲು ಎಡವುತ್ತವೆ, ಪಾಪ ಶೆಟ್ಟರು ಪುನಃ ಸಿಕ್ಕಿಬೀಳುತ್ತಾರೆ. ನೀವು ಸಿಎಸ್‌ವಿ ಬರೆಯುವಾಗಲೇ ಮೊದಲಿಗೆ ಬಾಮ್ (ಇದು ಯೂನಿಕೋಡ್ ಫೈಲು ಅಂತ ಹೇಳುವ ಗುರುತು) ಸೇರಿಸಿಬಿಟ್ಟರೆ ಎಕ್ಸೆಲ್ ಸರಿಯಾಗಿ ಓದುತ್ತದೆ. ಪೈಥಾನಿನಲ್ಲಿ ಎನ್‌ಕೋಡಿಂಗ್ ಹೆಸರು 'ಯುಟಿಎಫ್-8-ಸಿಗ್'.

ಅಕಾರಾದಿ ಜೋಡಿಸುವಾಗ ಕೋಡಿನ ಸಂಖ್ಯೆಯನ್ನು ನಂಬಬೇಡಿ. ಯೂನಿಕೋಡಿನಲ್ಲಿ ಳ ಇರುವುದು ಲ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಕನ್ನಡದ ಲೊಕೇಲ್ (ಭಾಷೆಯ ಸೆಟ್ಟಿಂಗ್) ಕೊಟ್ಟು ಐಸಿಯು ಲೈಬ್ರರಿ ಅಥವಾ ಜಾವಾಸ್ಕ್ರಿಪ್ಟಿನ ಇಂಟ್ಲ್ ಕೊಲೇಟರ್ ಬಳಸಿ, ಆಮೇಲೆ 'ಮಲೆ, ಮಳೆ, ಮಸಿ' ಕೊಟ್ಟು ನೋಡಿ. ಮಳೆ ಕೊನೆಗೆ ಬರಬೇಕು. ತೂಕದ ಬಾಕ್ಸಿಗೆ ಯಾರಾದರೂ ೧೨ ಅಂತ ಹೊಡೆದರೆ ಪೈಥಾನಿನ ಇಂಟ್ ಅದನ್ನು 12 ಅಂತ ತೆಗೆದುಕೊಳ್ಳುತ್ತದೆ, ಜಾವಾಸ್ಕ್ರಿಪ್ಟಿನ ನಂಬರ್ ತೆಗೆದುಕೊಳ್ಳುವುದಿಲ್ಲ. ಮೊದಲೇ ಬದಲಿಸಿ.

ಚೀಟಿ ಪ್ರಿಂಟ್ ಮಾಡುವುದು ಬೇರೆಯೇ ಯುದ್ಧ. ಅಂಗಡಿಯಲ್ಲಿರುವ ಅಗ್ಗದ ಥರ್ಮಲ್ ಪ್ರಿಂಟರಿಗೆ ಕನ್ನಡ ಗೊತ್ತಿಲ್ಲ, ಅಕ್ಷರ ಕಳಿಸಿದರೆ ಏನೇನೋ ಕಕ್ಕುತ್ತದೆ. ಸಾಲನ್ನು ಚಿತ್ರ ಮಾಡಿ ಕಳಿಸಿ. 58 ಮಿ.ಮೀ. ರೋಲಿನ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 384 ಚುಕ್ಕಿ, ಚಿತ್ರವೂ ಅಷ್ಟೇ ಅಗಲ ಇರಲಿ. ಚಿತ್ರ ಮಾಡಲು ಪೈಥಾನಿನ ಪಿಲ್ಲೋ ಲೈಬ್ರರಿ ಬಳಸುವುದಾದರೆ ಒತ್ತಕ್ಷರ ಕೂಡಿಸುವ ರಾಕ್ಮ್ ಇರುವುದನ್ನೇ ಬಳಸಿ. ಇಲ್ಲದಿದ್ದರೆ 'ಷ್ಣ' ಬರುವ ಬದಲು ಷ್, ಪಕ್ಕದಲ್ಲಿ ಣ ಅಂತ ಬಿಡಿಬಿಡಿಯಾಗಿ ನಿಲ್ಲುತ್ತದೆ. ಪಿಡಿಎಫ್ ಲೈಬ್ರರಿಗಳಿಗೂ ಇದೇ ಪರೀಕ್ಷೆ, ಅಕ್ಷರ ಕೂಡಿಸುವ ಕೆಲಸಕ್ಕೆ ಹಾರ್ಫ್‌ಬಝ್ ಬಳಸುವುದನ್ನು ಆರಿಸಿ. ಹೆಸರು ಚೀಟಿಗಿಂತ ಉದ್ದ ಆದರೆ ಕತ್ತರಿಸಬೇಡಿ, ಎರಡನೇ ಸಾಲಿಗೆ ಇಳಿಸಿ. ಕತ್ತರಿಸಲೇಬೇಕು ಅಂತಾದರೆ ತುಂಡಿನ ಕೊನೆಯಲ್ಲಿ ್ ಇದೆಯಾ ನೋಡಿ, ಇದ್ದರೆ ಆ ಅಕ್ಷರವನ್ನು ಪೂರ್ತಿ ತೆಗೆದುಹಾಕಿ. ಮುಂದಿನ ಕೋಡು ಗುಣಿತ ಆಗಿದ್ದರೂ ಹಾಗೆಯೇ.

ಎಸ್ಸೆಮ್ಮೆಸ್ ಕಳಿಸುವವರು ದುಡ್ಡಿನ ಲೆಕ್ಕ ಹಾಕಿಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಬಂದ ಕೂಡಲೇ 70 ಕೋಡು. 'ನಿಮ್ಮ ಅಡಿಕೆ 42 ಕಿಲೊ. ಜಮಾ 16,800 ರೂ.' ಅನ್ನುವುದಕ್ಕೆ 35 ಆಯ್ತು. ಮುಂದೆ 'ಕೆ. ವೆಂಕಟಕೃಷ್ಣ ಶೆಟ್ಟಿಯವರೇ,' ಸೇರಿಸಿದರೆ 62. ಕೊನೆಗೆ ಅಂಗಡಿಯ ಹೆಸರೂ ಇರಲಿ ಅಂತ ಧಣಿಗಳು ಹೇಳಿದರು, 70 ದಾಟಿತು, ಆಗ ಅದು ಎರಡು ಸಂದೇಶ, ತಲಾ 67 ಮಾತ್ರ ಹಿಡಿಯುವುದು, ಖರ್ಚು ಡಬಲ್. ಅಂಗಡಿಯ ಹೆಸರು ತೆಗೆಯೋಣವಾ ಅಂತ ಕೇಳಿದೆ. ಶೆಟ್ಟರ ಹೆಸರು ತೆಗಿ ಅಂದರು.

ನಾನು ಪ್ರತಿ ಪ್ರಾಜೆಕ್ಟಿನಲ್ಲೂ ಕೋಡಿಗಿಂತ ಮೊದಲು ಇಡುವ ಫೈಲು ಒಂದಿದೆ, ಬರೀ ಹೆಸರುಗಳದ್ದು. ಕೆ. ವೆಂಕಟಕೃಷ್ಣ ಶೆಟ್ಟಿ, ಕುಂಞಿರಾಮ ಮೂರು ರೂಪದಲ್ಲಿ, ಕಿಞ್ಞಣ್ಣ, ರಾಜ್‌ಕುಮಾರ್ ಎರಡು ರೂಪದಲ್ಲಿ, ತುಂಡಾದ 'ಗೋ' ಇರುವ ಕಾಸರಗೋಡು, ಎರಡು ಚಿಲ್ಲಿನ ಮಲಯಾಳ ಹೆಸರು. ಇದನ್ನು ಉಳಿಸಿ, ಹುಡುಕಿ, ಜೋಡಿಸಿ, ಪ್ರಿಂಟ್ ಮಾಡಿ ನೋಡುವ ಟೆಸ್ಟು ಪಾಸಾದ ಮೇಲೆಯೇ ಅಂಗಡಿಗೆ ಹೋಗುವುದು. ಅಲ್ಲಿ ಮಾವನಿಗೆ ಕೀಬೋರ್ಡ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ಅವರು ಹೊಡೆದ ಮೊದಲ ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಇತ್ತು, ಖಾತೆ ಸಿಗಲಿಲ್ಲ. ಜರಡಿಗೆ ಅದನ್ನೂ ಸೇರಿಸಿ ಬಂದೆ.